ಮೂರು ಚಿಪ್ಪನ್ನು ಹತ್ತು ಮಾಡಿದವನಿಗೆ

ನನ್ನ ತಂಗಿಯ ಮಗನಿಗೆ, ಈಗಿನ ಡಾಕ್ಟರ್ ಸಾಹೇಬರಿಗೆ,

ಈ ಬರೆಯುವ ಶಿಕ್ಷೆ ನನಗೆ ಯಾಕೆ ಎಂದು ಮೊದಲೇ ಕೇಳಿಬಿಡುತ್ತೇನೆ. ತಪ್ಪು ಮಾಡಿದವನು ನೀನು, ಕಾಗದದ ಮುಂದೆ ಬೆನ್ನು ಬಗ್ಗಿಸಿ ಕೂತವಳು ನಾನು. ಐದನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದವಳಿಗೆ ಅರವತ್ನಾಲ್ಕನೆಯ ವಯಸ್ಸಿನಲ್ಲಿ ಇದೇನು ಗ್ರಹಚಾರ. ನಾಲ್ಕು ಸಾಲು ಬರೆಯುವುದರೊಳಗೆ ಬೆರಳು ಸೆಟೆದುಕೊಳ್ಳುತ್ತವೆ. ಬಾಯಲ್ಲಾಗಿದ್ದರೆ ಐದು ನಿಮಿಷದಲ್ಲಿ ನಿನ್ನ ನೀರಿಳಿಸಿ ಎದ್ದು ಹೋಗುತ್ತಿದ್ದೆ.

ಆದರೆ ಬಾಯಿಗೆ ನೀನು ಸಿಗಬೇಕಲ್ಲ. ಹದಿನೇಳು ಸಲ ಫೋನ್ ಮಾಡಿದೆ. ಹದಿನೆಂಟನೆಯ ಸಲ ನಿನ್ನ ಹೆಂಡತಿ ಎತ್ತಿ, "ಅವರು ಮೀಟಿಂಗಲ್ಲಿದ್ದಾರೆ ದೊಡ್ಡತ್ತೆ" ಎಂದಳು. ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತಿಲ್ಲವೇ? ಮೂರು ವರ್ಷದವನಿದ್ದಾಗಿನಿಂದ ಸುಳ್ಳು ಬಾಯಿಗೆ ಬರುವ ಮುಂಚೆ ನಿನಗೆ ಗಂಟಲು ಕೆರೆಯುತ್ತದೆ. ಪಾಪ, ಆ ಹುಡುಗಿಯ ಬಾಯಲ್ಲಿ ಸುಳ್ಳು ಹೇಳಿಸಿ ಕೆಮ್ಮು ಮಾತ್ರ ನೀನಿಟ್ಟುಕೊಂಡೆ.

ನಿಮ್ಮಮ್ಮನೇ ನನ್ನನ್ನು ಈ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದ್ದು. "ಅಕ್ಕಾ, ಎದುರಿಗೆ ಹೋದ್ರೆ ಕೈ ಎತ್ತುತ್ತೀಯ, ಫೋನಲ್ಲಾದ್ರೆ ಬಾಯಿ ಎತ್ತುತ್ತೀಯ. ಬರೆ. ಬರೆಯೋವಾಗಲಾದ್ರೂ ನಡುನಡುವೆ ಉಸಿರು ತಗೊಳ್ತೀಯ" ಎಂದಳು. ಮೇಲೆ 'ಪ್ರೀತಿಯ' ಎಂದು ಹಾಕು ಅಂದಳು. ಹಾಕಲಿಲ್ಲ. ನಾನು ಬರೆದ ಪ್ರತಿ ಹಾಳೆಯನ್ನೂ ಅವಳು ಓದಿಯೇ ಮುಂದಿನ ಹಾಳೆ ಕೊಡುವುದಂತೆ. ಓದಲಿ. ಮಗನ ಪ್ರತಾಪ ಅವಳಿಗೂ ತಿಳಿಯಲಿ.

ಸರಿ, ವಿಷಯಕ್ಕೆ ಬರುತ್ತೇನೆ. ಹೋದ ಸೋಮವಾರ ಬೆಳಿಗ್ಗೆ ಲ್ಯಾಬಿನ ಮೂರನೆಯ ಮಹಡಿಗೆ ಹೋದರೆ ಕಿಟಕಿಯ ಪಕ್ಕ ನನ್ನ ಮೇಜಿರಲಿಲ್ಲ. ಮೇಜಿನ ನಾಲ್ಕು ಕಾಲಿನ ಗುರುತು ಮಾತ್ರ ನೆಲದ ಮೇಲಿತ್ತು. ಮೈಕ್ರೋಸ್ಕೋಪಿಗೆ ಚೀಲ ಹೊದಿಸಿ ಮೂಲೆಗೆ ಸರಿಸಿದ್ದರು. ನನ್ನ ಆರು ಬೀರುಗಳ ಮೇಲೆ ಒಂದೊಂದು ಚೀಟಿ: "ಉಪಯೋಗಿಸಬಾರದು. ಇಪ್ಪತ್ತನೆಯ ತಾರೀಖು ವಿಲೇವಾರಿ." ಕೆಳಗೆ ನಿನ್ನ ಸಹಿ. ಆರು ಬೀರು ಎಂದರೆ ನಾಲ್ಕು ಸಾವಿರದ ಇನ್ನೂರು ಚಿಲ್ಲರೆ ಸ್ಲೈಡು. ನಾನು ಮೂವತ್ತೊಂದು ವರ್ಷ ಒಂದೊಂದಾಗಿ ಹೆಕ್ಕಿ ಅಂಟಿಸಿದ ಚಿಪ್ಪುಗಳು. ಹತ್ತೊಂಬತ್ತು ಸರೋವರಗಳ, ಎರಡು ಸಮುದ್ರಗಳ ಕೆಸರಿನಿಂದ ಬಂದವು. ಅದರಲ್ಲಿ ಏಳು ಸರೋವರಗಳು ಈಗ ಇಲ್ಲವೇ ಇಲ್ಲ, ಒಂದರ ಮೇಲೆ ಬಸ್ ನಿಲ್ದಾಣ ಕಟ್ಟಿದ್ದಾರೆ. ಮತ್ತೆ ಹೋಗಿ ಕೆಸರು ತೆಗೆಯುತ್ತೇನೆ ಅಂದರೂ ಆಗುವುದಿಲ್ಲ.

ಚೀಟಿಯ ಕಾರಣ ಯಾರೂ ಹೇಳಲಿಲ್ಲ. ಎಲ್ಲರೂ ಕಂಪ್ಯೂಟರಿನೊಳಗೆ ಮುಖ ಹಾಕಿಕೊಂಡರು. ಕೊನೆಗೆ ಯಂತ್ರದ ಕೋಣೆಯ ನಮ್ಮ ಗ್ಯಾಸಣ್ಣ, ಸಿಲಿಂಡರುಗಳ ಜೊತೆಯೇ ತಲೆ ನರೆತವನು, ನನ್ನನ್ನು ಒಳಗೆ ಕರೆದ.

"ಅಕ್ಕಾ, ಕೂತ್ಕೋ. ನಿಂತು ಕೇಳೋ ವಿಷಯ ಅಲ್ಲ."

"ಕೂತ್ರೆ ನನಗೆ ಏಳೋದು ಕಷ್ಟ. ಓದು."

ಅವನು ಓದಿದ. ನಿನ್ನ ಪ್ರಬಂಧ ಅಚ್ಚಾದ ವಿಜ್ಞಾನ ಪತ್ರಿಕೆಗೆ ನೀನು ಕಳಿಸಿದ ತಿದ್ದುಪಡಿ. ನಿಮ್ಮ ಪ್ರಬಂಧಗಳ ಭಾಷೆ ನನಗೆ ಬರುವುದಿಲ್ಲ, ಅವನೇ ಬಿಡಿಸಿ ಹೇಳಿದ. "ಚಿಪ್ಪು ಹೆಕ್ಕುವವರ ವಯಸ್ಸು ಮತ್ತು ದೃಷ್ಟಿಯ ಕೊರತೆಯಿಂದ ಮರಿಚಿಪ್ಪುಗಳು ದೊಡ್ಡ ಚಿಪ್ಪುಗಳ ಜೊತೆ ಬೆರೆತು ಹೋಗಿರುವ ಸಾಧ್ಯತೆ ಇದೆ." ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಆ ಕಟ್ಟಡದಲ್ಲಿ ಹೆಕ್ಕುವವಳು ನಾನೊಬ್ಬಳೇ. ಮೂವತ್ತೊಂದು ವರ್ಷದಲ್ಲಿ ಯಾವ ಪ್ರಬಂಧದ ಯಾವ ಮೂಲೆಯಲ್ಲೂ ನನ್ನ ಸುದ್ದಿ ಬಂದಿರಲಿಲ್ಲ. ಮೊದಲ ಸಲ ಬಂತು, ನಿನ್ನ ತಪ್ಪಿನ ಕೆಳಗೆ ಕಾಲೊರೆಸುವ ಗೋಣಿತಾಟಿನ ಹಾಗೆ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಮೇಕೆಗೆ ಕೊಂಬಿದೆ ಎನ್ನುವುದನ್ನು ಕೋತಿ ಮರೆತಿತ್ತು.

ಮಾಡದ ತಪ್ಪನ್ನು ನನ್ನ ತಲೆಗೆ ಕಟ್ಟಿದವನು ನೀನೇ ಮೊದಲಿಗನಲ್ಲ. ಐದನೆಯ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು, ಪಕ್ಕದವಳನ್ನು ನೋಡಿ ಬರೆದೆ ಎಂದರು. ನೋಡಿರಲಿಲ್ಲ. ಪಕ್ಕದವಳ ಉತ್ತರ ತಪ್ಪಿತ್ತು, ನನ್ನದು ಸರಿಯಿತ್ತು, ಅಷ್ಟಾದರೂ ಅವರಿಗೆ ಹೊಳೆಯಬೇಕಿತ್ತು. ಪುಸ್ತಕ ಅವರ ಮೇಜಿನ ಮೇಲಿಟ್ಟು ಮನೆಗೆ ಬಂದೆ. ಅಪ್ಪ ಹೊಡೆದರು, ಅಮ್ಮ ಅತ್ತಳು, ನಾನು ಮತ್ತೆ ಹೋಗಲಿಲ್ಲ. ಆಗ ಬಿಟ್ಟುಬರುವುದೊಂದೇ ಗೊತ್ತಿತ್ತು. ಈಗ ಬಿಡುವವಳಲ್ಲ.

ಆಮೇಲೆ ಬೀಜದ ಅಂಗಡಿಯಲ್ಲಿ ಹದಿನೈದು ವರ್ಷ ಮುಗ್ಗಲು ಬೀಜ ಆರಿಸಿದೆ. ಅಲ್ಲಿಂದ ಲ್ಯಾಬಿಗೆ ಗಾಜು ತೊಳೆಯಲು ಬಂದವಳನ್ನು ಆಗಿನ ದೊಡ್ಡ ಸಾಹೇಬರು ಒಂದು ದಿನ ಮೈಕ್ರೋಸ್ಕೋಪಿನ ಮುಂದೆ ನಿಲ್ಲಿಸಿ, "ಇದರಲ್ಲಿ ಮರಳು ಯಾವುದು, ಚಿಪ್ಪು ಯಾವುದು, ಹೇಳಮ್ಮ" ಎಂದರು. ಹೇಳಿದೆ. ಅದರಲ್ಲಿ ಎಡದ ಚಿಪ್ಪು ಯಾವುದು, ಬಲದ್ದು ಯಾವುದು, ಮರಿ ಯಾವುದು ಎಂದು ಅವರು ಕೇಳದೆ ಇದ್ದದ್ದನ್ನೂ ಹೇಳಿದೆ. ಮರುದಿನದಿಂದ ಗಾಜು ತೊಳೆಯಲು ಬೇರೆಯವರು ಬಂದರು. ನಿವೃತ್ತಿಯಾದ ಮೇಲೂ ನನ್ನನ್ನು ಕರೆದು ಕೂರಿಸಿಕೊಂಡದ್ದು ದಾಕ್ಷಿಣ್ಯಕ್ಕಲ್ಲ.

ನಿನ್ನನ್ನು ಚಿಪ್ಪು ಹೆಕ್ಕುವ ತಟ್ಟೆಯ ಮುಂದೆ ಕೂರಿಸಿದವಳೂ ನಾನೇ. ಮರೆತಿದ್ದರೆ ನೆನಪಿಸುತ್ತೇನೆ. ನೀನು ಎಂಎಸ್ಸಿ ಮುಗಿಸಿ ಬಂದಿದ್ದೆ, ಪುಸ್ತಕದಲ್ಲಿರುವುದೆಲ್ಲ ಬಾಯಿಗೆ ಬರುತ್ತಿತ್ತು, ತಟ್ಟೆಯಲ್ಲಿರುವುದು ಒಂದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಮೊದಲ ವಾರ ಮರಳಿನ ಹರಳು ಹೆಕ್ಕಿ ಚಿಪ್ಪೆಂದು ಅಂಟಿಸಿದೆ. ನಾನು ನಗಲಿಲ್ಲ, ಇಲ್ಲ, ನಕ್ಕೆ. ಆದರೆ ಯಾರಿಗೂ ಹೇಳಲಿಲ್ಲ. ಕುಂಚವನ್ನು ಹೇಗೆ ಒದ್ದೆ ಮಾಡಬೇಕು, ಚಿಪ್ಪನ್ನು ಮುಟ್ಟದೆ ನೀರಿನಿಂದಷ್ಟೇ ಹೇಗೆ ಎತ್ತಬೇಕು ಎಂದು ನಿನ್ನ ಕೈ ಹಿಡಿದು ಕಲಿಸಿದೆ. ನಾವು ಹಳಬರು ಕುಂಚದ ತುದಿಯನ್ನು ನಾಲಿಗೆಗೆ ತಾಗಿಸುತ್ತಿದ್ದೆವು. "ದೊಡ್ಡಮ್ಮ, ಎಂಜಲಲ್ಲಿ ಉಪ್ಪಿರುತ್ತೆ, ಯಂತ್ರ ಅದನ್ನೂ ಸರೋವರದ ಉಪ್ಪು ಅಂತ ಓದುತ್ತೆ" ಎಂದೆ ನೀನು. ಸರಿ ಅನ್ನಿಸಿತು. ಇಪ್ಪತ್ತು ವರ್ಷದ ಅಭ್ಯಾಸ ಅವತ್ತೇ ಬಿಟ್ಟೆ. ಸರಿಯಾದದ್ದನ್ನು ಹೇಳಿದರೆ ಚಿಕ್ಕವನೇ ಹೇಳಲಿ ಕೇಳುವವಳು ನಾನು. ಇದನ್ನು ನೆನಪಿಡು.

ನಿಮ್ಮಮ್ಮ ಈ ಹಾಳೆ ಓದಿ, "ಅದೇನು ಮರಿ, ದೊಡ್ಡದು ಅಂತೀಯ, ನನಗೊಂದೂ ಅರ್ಥ ಆಗಲಿಲ್ಲ" ಎನ್ನುತ್ತಿದ್ದಾಳೆ. ಅವಳಿಗಾಗಿ ಬರೆಯುತ್ತೇನೆ, ನೀನೂ ಓದು, ಮರೆತಿರಬಹುದು.

ಸರೋವರದ ತಳದಲ್ಲಿ ಎಳ್ಳಿಗಿಂತ ಚಿಕ್ಕ ಪ್ರಾಣಿಯೊಂದಿರುತ್ತದೆ. ಸೀಗಡಿಯ ದೂರದ ನೆಂಟ. ಎರಡು ಚಿಪ್ಪಿನ ಡಬ್ಬಿಯೊಳಗೆ ಬದುಕುತ್ತದೆ. ಬೆಳೆದಂತೆ ಎಂಟು ಸಲ ಹಳೆಯ ಚಿಪ್ಪು ಕಳಚುತ್ತದೆ, ಒಂಬತ್ತನೆಯದು ಕಡೆಯದು. ಚಿಪ್ಪು ಕಟ್ಟುವಾಗ ಸುತ್ತಲಿನ ನೀರು ಹೇಗಿತ್ತೋ ಅದರ ಗುರುತು ಚಿಪ್ಪಿನಲ್ಲಿ ಉಳಿಯುತ್ತದೆ. ಮಳೆ ಚೆನ್ನಾಗಿ ಬಂದು ಸರೋವರ ತುಂಬಿದ್ದರೆ ಒಂದು ಗುರುತು, ಬತ್ತಿ ಉಪ್ಪಾಗಿದ್ದರೆ ಇನ್ನೊಂದು. ಪ್ರಾಣಿ ಸಾಯುತ್ತದೆ, ಚಿಪ್ಪು ಕೆಸರಿನಲ್ಲಿ ಹೂತುಹೋಗುತ್ತದೆ. ಇವರು ಕೊಳವೆ ಇಳಿಸಿ ಆ ಕೆಸರನ್ನು ಎತ್ತಿ, ಸೆಂಟಿಮೀಟರಿಗೊಂದು ಹೋಳು ಮಾಡುತ್ತಾರೆ. ಕೆಳಗೆ ಹೋದಷ್ಟೂ ಹಳೆಯ ಕಾಲ. ಹೋಳನ್ನು ಜರಡಿಯಲ್ಲಿ ತೊಳೆದರೆ ಉಳಿಯುವುದರಲ್ಲಿ ನಾನು ಚಿಪ್ಪು ಹೆಕ್ಕುತ್ತೇನೆ. ಗ್ಯಾಸಣ್ಣ ಅದಕ್ಕೆ ಆಮ್ಲ ಹಾಕಿ, ಬರುವ ಗಾಳಿಯನ್ನು ಯಂತ್ರಕ್ಕೆ ಕುಡಿಸಿ, ಎರಡು ಸಾವಿರ ವರ್ಷದ ಹಿಂದೆ ನೀರೆಷ್ಟಿತ್ತು ಎಂದು ಹೇಳುತ್ತಾನೆ. ಇಷ್ಟೇ.

ಇದರಲ್ಲಿ ನಿಯಮ ಒಂದೇ. ದೊಡ್ಡವನ್ನು ಮಾತ್ರ ಹೆಕ್ಕಬೇಕು, ಒಂಬತ್ತನೆಯ ಚಿಪ್ಪನ್ನು. ಈ ಪ್ರಾಣಿಯ ಮರಿಗಳು ಚಿಪ್ಪು ಕಟ್ಟುವುದು ಬೇಸಿಗೆಯಲ್ಲಿ, ನೀರು ಬತ್ತಿದಾಗ. ದೊಡ್ಡವು ಕಟ್ಟುವುದು ತಂಪು ಕಾಲದಲ್ಲಿ. ಮರಿ ಬೆರೆಸಿದರೆ ಯಂತ್ರ ಪ್ರತಿ ವರ್ಷದ ಬೇಸಿಗೆಯನ್ನೇ ದೊಡ್ಡ ಬರಗಾಲ ಎಂದು ಓದುತ್ತದೆ. ಒಂದೊಂದು ಪ್ರಾಣಿ ಒಂದೊಂದು ವರ್ಷದ್ದು, ಆದ್ದರಿಂದ ಹೋಳಿಗೆ ಹತ್ತಾದರೂ ದೊಡ್ಡವಿದ್ದರೆ ಮಾತ್ರ ಸರಾಸರಿ ನಂಬಬಹುದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದವನು ನೀನು.

ಈಗ ನಾನೂರ ಹನ್ನೊಂದರಿಂದ ನಾನೂರ ಹದಿನೇಳರವರೆಗಿನ ಹೋಳುಗಳಿಗೆ ಬರೋಣ. ಎರಡು ವರ್ಷದ ಹಿಂದಿನ ಮಾತು. ಆ ಏಳು ಹೋಳುಗಳಲ್ಲಿ ದೊಡ್ಡವು ಸಿಗಲೇ ಇಲ್ಲ. ನಾನೂರ ಹದಿನಾಲ್ಕರಲ್ಲಿ ಬಲಚಿಪ್ಪು ಮೂರು, ಎಡಚಿಪ್ಪು ಮೂರು, ಮರಿಗಳು ಇಪ್ಪತ್ತೆರಡು. ಮೂರು ಸಲ ತಟ್ಟೆ ತಿರುವಿ ನೋಡಿದೆ. ನೀನು ಹಿಂದೆ ಬಂದು ನಿಂತೆ.

"ಹೇಗಾದ್ರೂ ಮಾಡಿ ಹತ್ತು ಮಾಡಿಕೊಡು ದೊಡ್ಡಮ್ಮ."

"ಇಲ್ಲದ್ದನ್ನ ಎಲ್ಲಿಂದ ತರಲಿ, ನಾನೇನು ಮೊಟ್ಟೆ ಇಡ್ಲಾ? ಬೇಕಾದ್ರೆ ಎಡದ್ದನ್ನೂ ತಗೋ, ಆರಾಗುತ್ತೆ."

"ಆರು ಸಾಲಲ್ಲ. ಹತ್ತಿಲ್ಲದಿದ್ರೆ ಆ ಭಾಗ ಖಾಲಿ ಬಿಡಬೇಕಾಗುತ್ತೆ."

"ಬಿಡು. ಮೂರೇ ಸಿಕ್ತು ಅನ್ನೋದೂ ಒಂದು ಸುದ್ದಿನೇ. ಏನೋ ಕೆಟ್ಟಿತ್ತು, ಮರಿಗಳು ಬೆಳೆಯೋ ಮುಂಚೆನೇ ಸತ್ತಿವೆ. ಹಾಗೇ ಬರಿ."

ನೀನು ಹೊರಟುಹೋದೆ. ಭಾನುವಾರ ಲ್ಯಾಬಿಗೆ ನಾನು ಬರುವುದಿಲ್ಲ, ನೀನು ಬಂದಿದ್ದೆ. ಸೋಮವಾರ ಬಂದು ನೋಡಿದರೆ ನನ್ನ ಮೂರು ಸೊನ್ನೆಯ ಕುಂಚ, ಕೂದಲೆಳೆಯಷ್ಟು ತುದಿಯದು, ನೀರಿನ ಬಟ್ಟಲಲ್ಲಿ ತಲೆಕೆಳಗಾಗಿ ನಿಂತು ಪೊರಕೆಯ ಹಾಗೆ ಕೆದರಿಕೊಂಡಿತ್ತು. ಕುಂಚವನ್ನು ಹಾಗಿಡುವವನು ಆ ಕಟ್ಟಡದಲ್ಲಿ ಒಬ್ಬನೇ, ಎಷ್ಟು ಬೈದರೂ ಕಲಿಯದವನು. ನೀನು ಬಂದು, "ನೀವು ಏಳು ಬಿಟ್ಟಿದ್ರಿ, ನನಗೆ ಸಿಕ್ತು, ಹತ್ತಾಯ್ತು" ಎಂದೆ. ಮನೆಯಲ್ಲಿ ನನಗೆ 'ನೀನು' ಅನ್ನುವವನು, ಲ್ಯಾಬಿನಲ್ಲಿ ನಾಲ್ಕು ಜನ ಇದ್ದರೆ ಮಾತ್ರ 'ನೀವು'. ಅವತ್ತು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ನೀನು ಹೋದ ಮೇಲೆ ತಟ್ಟೆ ನೋಡಿದೆ. ಮರಿಗಳು ಹದಿನೈದಿದ್ದವು. ಇಪ್ಪತ್ತೆರಡರಲ್ಲಿ ಏಳು ಹೋದರೆ ಎಷ್ಟು? ಐದನೆಯ ಕ್ಲಾಸಿನವರೆಗೆ ಕಲಿತದ್ದು ಸಾಕಾಯಿತು. ಉಳಿದ ಆರು ಹೋಳುಗಳ ಕತೆಯೂ ಅದೇ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಅವತ್ತೇ ನಿನ್ನ ಕಿವಿ ಹಿಡಿದು ಡೈರೆಕ್ಟರ ಬಾಗಿಲಿಗೆ ಎಳೆದೊಯ್ಯಬೇಕಿತ್ತು. ಎಳೆಯಲಿಲ್ಲ. ಅದು ನಿನ್ನ ಕೆಲಸ ಖಾಯಂ ಆಗುವ ವಾರ. ನಿಮ್ಮಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, "ಅಕ್ಕಾ, ಆಗುತ್ತಾ? ಏನಾದ್ರೂ ಗೊತ್ತಾಯ್ತಾ?" ಎನ್ನುತ್ತಿದ್ದಳು. ನನ್ನ ಸ್ವಂತ ತಂಗಿ, ಗಂಡ ಹೋದ ಮೇಲೆ ನಿನ್ನೊಬ್ಬನನ್ನೇ ನೋಡಿಕೊಂಡು ಉಸಿರಾಡಿದವಳು. ಬಾಯಿ ಮುಚ್ಚಿಕೊಂಡೆ. ಹುಡುಗ ಒಂದು ಸಲ ಎಡವಿದ, ತಿದ್ದಿಕೊಳ್ಳುತ್ತಾನೆ ಎಂದುಕೊಂಡೆ. ಬದುಕಿನಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡದ್ದು, ಅದಕ್ಕೆ ಸಿಕ್ಕ ಬಹುಮಾನ ಇದು.

ನೀನು ತಿದ್ದಿಕೊಳ್ಳಲಿಲ್ಲ, ದೊಡ್ಡವನಾದೆ. ಆ ಏಳು ಹೋಳುಗಳ ಕಾಲದಲ್ಲಿ ಮೂವತ್ತೈದು ವರ್ಷದೊಳಗೆ ಇಡೀ ಸರೋವರ ಬತ್ತಿಹೋಯಿತು, ಹುಟ್ಟಿದ ಮಗು ನಡುವಯಸ್ಸಿಗೆ ಬರುವಷ್ಟರಲ್ಲಿ ನೀರು ಮಾಯ ಎಂದು ಬರೆದೆ. ಪೇಪರಿನಲ್ಲಿ ನಿನ್ನ ಫೋಟೋ ಬಂತು. ಟಿವಿಯವರು ಬಂದರು, ನನ್ನ ಮೈಕ್ರೋಸ್ಕೋಪಿನ ಮುಂದೆ ನಿನ್ನನ್ನು ಕೂರಿಸಿ ಚಿತ್ರ ತೆಗೆದರು. ಕುಂಚವನ್ನು ಪೆನ್ನಿನ ಹಾಗೆ ಹಿಡಿದಿದ್ದೆ. ಅಲ್ಲಿದ್ದವರಲ್ಲಿ ಅದು ಗೊತ್ತಾದದ್ದು ನನಗೊಬ್ಬಳಿಗೇ.

ಆಮೇಲೆ ಬೇರೆ ಲ್ಯಾಬಿನ ಮೇಡಂ ಅದೇ ಸರೋವರಕ್ಕೆ ಹೋಗಿ ದಪ್ಪ ಕೊಳವೆ ಇಳಿಸಿದರು. ನಾಲ್ಕು ಪಟ್ಟು ಕೆಸರು, ನಾಲ್ಕು ಪಟ್ಟು ಚಿಪ್ಪು. ಅವರಿಗೆ ಹೋಳಿಗೆ ಹತ್ತಲ್ಲ, ಹನ್ನೆರಡು ದೊಡ್ಡವು ಸಿಕ್ಕವು. ನೀರು ಇಳಿದದ್ದು ನಿಜ, ಆದರೆ ಇನ್ನೂರು ವರ್ಷ ಹಿಡಿದು, ಮೆಲ್ಲಮೆಲ್ಲಗೆ. ನಿನ್ನ ಮೂವತ್ತೈದು ವರ್ಷ ಎಲ್ಲೂ ಕಾಣಲಿಲ್ಲ. ಪತ್ರಿಕೆಯವರು ನಿನ್ನನ್ನು ಕೇಳಿದರು. ಆಗ ನಿನಗೆ ನನ್ನ ಕಣ್ಣು ನೆನಪಾಯಿತು.

ಕಣ್ಣಿನ ವಿಷಯ ನಿನಗೆ ಹೇಗೆ ಗೊತ್ತು? ಪೊರೆ ಬಂದಿದೆ ಎಂದು ನಾನು ಹೇಳಿಕೊಂಡದ್ದು ನಿನ್ನೊಬ್ಬನ ಹತ್ತಿರ. ಆಸ್ಪತ್ರೆಗೆ ಕರೆದೊಯ್ದವನು ನೀನು. ಆಪರೇಷನ್ ಕೋಣೆಯ ಹೊರಗೆ ನನ್ನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಯಾರಾದರೂ ಹೊತ್ತೊಯ್ಯುತ್ತಾರೆಂದು. ವಾರವಿಡೀ ಹೊತ್ತುಹೊತ್ತಿಗೆ ಹನಿ ಹಾಕಿದೆ. "ದೊಡ್ಡಮ್ಮ, ಮೇಲೆ ನೋಡು, ಅಲುಗಾಡಬೇಡ" ಎನ್ನುತ್ತಿದ್ದೆ. ಅದನ್ನು ನಾನು ಮರೆತಿಲ್ಲ. ಮರೆತಿಲ್ಲದ್ದಕ್ಕೇ ಇಷ್ಟು ಸಿಟ್ಟು. ಹೊರಗಿನವನು ಮಾಡಿದ್ದರೆ ಉಗಿದು ಮುಂದೆ ಹೋಗುತ್ತಿದ್ದೆ. ನನ್ನ ಕಣ್ಣಿಗೆ ಹನಿ ಹಾಕಿದ ಕೈಯಿಂದಲೇ ನನ್ನ ಕಣ್ಣು ಸರಿಯಿಲ್ಲ ಎಂದು ಬರೆದೆಯಲ್ಲ.

ಬರೆಯುವಾಗ ಒಂದು ಸಣ್ಣ ಲೆಕ್ಕ ತಪ್ಪಿದೆ ನೀನು. ಪೊರೆ ತೆಗೆಸಿದ್ದು ಆ ಏಳು ಹೋಳು ಹೆಕ್ಕುವುದಕ್ಕೆ ಎಂಟು ತಿಂಗಳು ಮೊದಲು. ಆಮೇಲೆ ನನ್ನ ಕಣ್ಣು ಮೂವತ್ತರ ವಯಸ್ಸಿನಲ್ಲಿದ್ದದ್ದಕ್ಕಿಂತ ಚೆನ್ನಾಗಿದೆ. ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕಡೆಯ ಸಾಲಿನವರೆಗೂ ಓದಿ, ಕೆಳಗೆ ಮುದ್ರಣಾಲಯದ ವಿಳಾಸವಿತ್ತು, ಅದನ್ನೂ ಓದಿದೆ. "ಸಾಕು ತಾಯಿ" ಎಂದು ಕೈಮುಗಿದು ಚೀಟಿ ಬರೆದುಕೊಟ್ಟರು.

ಚಿಪ್ಪು ಆಮ್ಲದಲ್ಲಿ ಕರಗಿ ಹೋಯಿತು, ಇನ್ನು ಸಾಕ್ಷಿ ಎಲ್ಲಿ ಎಂದು ನೆಮ್ಮದಿಯಾಗಿದ್ದೀಯ. ಕೇಳಿಸಿಕೋ.

ದೊಡ್ಡ ಸಾಹೇಬರ ಕಾಲದಿಂದ ನನ್ನದೊಂದು ಪದ್ಧತಿ. ಬಲಚಿಪ್ಪು ಯಂತ್ರಕ್ಕೆ, ಎಡಚಿಪ್ಪು ಬೀರುವಿಗೆ. ಪ್ರಾಣಿಗೆ ಎಡ ಒಂದು, ಬಲ ಒಂದು. ಕೆಸರಿನಲ್ಲಿ ಹತ್ತು ದೊಡ್ಡ ಬಲಚಿಪ್ಪು ಇದ್ದರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಎಡಚಿಪ್ಪೂ ಇರಬೇಕು. ನಾನೂರ ಹದಿನಾಲ್ಕರ ಸ್ಲೈಡಿನಲ್ಲಿ ಮೂರಿವೆ. ಹದಿಮೂರರಲ್ಲಿ ನಾಲ್ಕು, ಹದಿನೈದರಲ್ಲಿ ಎರಡು. ಉಳಿದ ಎಲ್ಲ ಹೋಳುಗಳಲ್ಲೂ ಎಡಬಲ ಸರಿಸಮ, ಈ ಏಳರಲ್ಲಿ ಮಾತ್ರ ಬಲದವು ಹತ್ತತ್ತು, ಎಡದವು ಯಾರೋ ಹೊತ್ತೊಯ್ದ ಹಾಗೆ. ಅವತ್ತು ಎಡದ್ದನ್ನೂ ತಗೋ ಎಂದೆ. ನೀನು ಬೇಡ ಎಂದದ್ದು ಒಳ್ಳೆಯದಾಯಿತು. ಆ ಸ್ಲೈಡುಗಳು ಮೂರನೆಯ ಬೀರುವಿನಲ್ಲಿದ್ದವು. ಈಗ ಇಲ್ಲ. ಎಲ್ಲಿವೆ ಎಂದು ಹುಡುಕಬೇಡ, ಸಿಗುವುದಿಲ್ಲ. ಕಳ್ಳತನ ಎನ್ನುತ್ತೀಯೋ, ಅನ್ನು. ಯಾರ ಮುಂದೆ ಬೇಕಾದರೂ ತೆಗೆದುತೋರಿಸುತ್ತೇನೆ.

ಇನ್ನೊಂದು. ಆಮ್ಲ ಹಾಕುವ ಮುಂಚೆ ಗ್ಯಾಸಣ್ಣ ಪ್ರತಿ ಹೋಳಿನ ಚಿಪ್ಪನ್ನೂ ತೂಗಿ ಪುಸ್ತಕದಲ್ಲಿ ಬರೆಯುತ್ತಾನೆ. ಬರೆದೇ ಬರೆಯುತ್ತಾನೆ, ಅವನ ಮದುವೆಯ ದಿನವೂ ಬಂದು ಬರೆದು ಹೋದವನು. ಆ ಏಳು ಹೋಳುಗಳ ಪುಟ ತೆಗೆದ. ಹತ್ತು ಚಿಪ್ಪಿನ ತೂಕ ಬೇರೆ ಹೋಳುಗಳ ಐದು ಚಿಪ್ಪಿನಷ್ಟೂ ಇಲ್ಲ. ಪಕ್ಕದಲ್ಲಿ ಅವನ ಕೈಯಲ್ಲೇ ಬರೆದಿದೆ: "ಹಗುರ. ಗಾಳಿ ಕಡಿಮೆ ಬಂತು. ಸಾಹೇಬರಿಗೆ ಹೇಳಿದೆ." ನೀನು ಅವನಿಗೇನು ಹೇಳಿದೆ ಎಂದು ಕೇಳಿದೆ.

"'ಇರಲಿ ಬಿಡಿ, ನಡೆಯುತ್ತೆ' ಅಂದ್ರು ಅಕ್ಕಾ" ಎಂದ. ಆಮೇಲೆ ತಲೆ ತಗ್ಗಿಸಿ, "ನಾನೂ ಆಗಲೇ ಗಲಾಟೆ ಮಾಡಬೇಕಿತ್ತು" ಎಂದ.

"ನಾವಿಬ್ಬರೂ ಮುದಿ ಕತ್ತೆಗಳು ಬಿಡು" ಎಂದೆ.

ಇಲ್ಲಿಯವರೆಗೆ ಒಂಬತ್ತನೆಯ ತಾರೀಖಿನಂದು ಬರೆದದ್ದು. ಕೈ ಸೋತಿತ್ತು, ನಿಲ್ಲಿಸಿದೆ. ಇವತ್ತು ಹನ್ನೊಂದು.

ನಡುವೆ ನಡೆದದ್ದನ್ನು ಹೇಳಬೇಕು. ಕಣ್ಣಿನ ವಿಷಯ ಬರೆದ ಹಾಳೆಯನ್ನು ನಿಮ್ಮಮ್ಮ ಓದಿದಳು. ಅದಕ್ಕೂ ಮುಂಚೆ ಪ್ರತಿ ಹಾಳೆಗೂ ಅವಳದೊಂದು ರಾಗವಿತ್ತು. "ಇಷ್ಟು ಖಾರ ಯಾಕಕ್ಕಾ", "ಈ ಸಾಲು ಹೊಡೆದುಹಾಕು", "ಅವನ ಕೆಲಸ ಹೋದ್ರೆ ಸಾಲದಲ್ಲಿರೋ ಮನೆ ಏನಾಗಬೇಕು". ನಾನು, ನನ್ನ ಮೇಜು ಎತ್ತಿಹಾಕಿದಾಗ ಯಾರು ಅತ್ತರು ಎಂದು ಕೇಳುತ್ತಿದ್ದೆ. ಹೀಗೇ ನಡೆದಿತ್ತು. ಆ ಹಾಳೆಯನ್ನು ಮಾತ್ರ ಎರಡನೆಯ ಸಲ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ನೋಡಲಿಲ್ಲ.

"ಎಂಟು ತಿಂಗಳು ಮೊದಲಾ ಅಕ್ಕಾ? ಸರಿಯಾಗಿ ಜ್ಞಾಪಕ ಇದೆಯಾ?"

"ನನಗೆ ಜ್ಞಾಪಕ ಇದೆ. ನಂಬೋದು ಬಿಡೋದು ನಿನಗೆ ಬಿಟ್ಟದ್ದು."

ಎದ್ದು ಒಳಗೆ ಹೋದಳು. ನಿಮ್ಮಮ್ಮ ಯಾವ ಕಾಗದವನ್ನೂ ಎಸೆಯುವವಳಲ್ಲ, ನಿನಗೆ ಗೊತ್ತು. ನನ್ನ ಆಸ್ಪತ್ರೆಯ ಫೈಲು ಅವಳ ಬಳಿಯೇ ಇತ್ತು, ನನಗೇ ನೆನಪಿರಲಿಲ್ಲ. ತಂದು ಮೇಜಿನ ಮೇಲಿಟ್ಟಳು. ಆಪರೇಷನ್ನಿಗೆ ಒಪ್ಪಿಗೆ ಕಾಗದ. ತಾರೀಖು ಇದೆ. ಕೆಳಗೆ 'ರೋಗಿಯ ಸಂಬಂಧಿ' ಎಂದಿರುವಲ್ಲಿ ನಿನ್ನ ಸಹಿ. 'ಸಂಬಂಧ' ಎಂದಿರುವಲ್ಲಿ ನೀನು 'ಮಗ' ಎಂದು ಬರೆದಿದ್ದೀಯ.

ಆಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಒಂದು ಗಂಟೆ ಬಿಟ್ಟು ಬಂದಳು. ಆ ಕಾಗದದ ಮೂರು ನಕಲು, ಮೂರು ದೊಡ್ಡ ಲಕೋಟೆ, ಅಂಚೆಚೀಟಿ. "ಮೊದಲು ಅವನಿಗೆ ಒಂದು ಅವಕಾಶ ಕೊಡು" ಎಂದಳು. "ಆಮೇಲೂ ಕೆಮ್ಮಿದ್ರೆ ಇವನ್ನ ಡಬ್ಬಿಗೆ ಹಾಕೋಳು ನಾನೇ."

ಮೂರು ಲಕೋಟೆಗಳೂ ತುಂಬಿ ಮೇಜಿನ ಮೇಲಿವೆ. ಒಂದು ಡೈರೆಕ್ಟರಿಗೆ, ಒಂದು ಪತ್ರಿಕೆಗೆ, ಒಂದು ಆ ಬೇರೆ ಲ್ಯಾಬಿನ ಮೇಡಂಗೆ. ಒಳಗೆ ಗ್ಯಾಸಣ್ಣನ ತೂಕದ ಪುಟ, ನನ್ನ ದಿನದಿನದ ಎಣಿಕೆಯ ಪುಸ್ತಕದ ನಕಲು, ಏಳು ಸ್ಲೈಡುಗಳ ಫೋಟೋ, ಹಳೆಯ ಆಸ್ಪತ್ರೆಯ ಕಾಗದ, ಹೊಸ ಕಣ್ಣಿನ ಚೀಟಿ. ವಿಳಾಸ ಬರೆದದ್ದು ನಿಮ್ಮಮ್ಮ. ಅವಳ ಅಕ್ಷರ ನನ್ನದಕ್ಕಿಂತ ಚೆಂದ.

ಈಗ ನಾನು ಹೇಳಿದ ಹಾಗೆ ಮಾಡು.

ಹದಿನೇಳನೆಯ ತಾರೀಖು ಬುಧವಾರ, ಲ್ಯಾಬಿನ ವಾರದ ಮೀಟಿಂಗು. ನನ್ನ ಮೇಜನ್ನು ಅದರ ಜಾಗಕ್ಕೆ ತಂದಿಡಿಸು. ನಾನೂರ ಹದಿನಾಲ್ಕರ ತಟ್ಟೆಯನ್ನು ನಾನು ತರುತ್ತೇನೆ. ನಾನು ಹೆಕ್ಕಿದ ಆರನ್ನೂ ನಿನ್ನ ಆ ಏಳನ್ನೂ ಬಿಟ್ಟರೆ ಅದರಲ್ಲಿ ಎಲ್ಲವೂ ಹಾಗೇ ಇದೆ. ಡೈರೆಕ್ಟರು, ಗ್ಯಾಸಣ್ಣ, ಕಂಪ್ಯೂಟರಿನೊಳಗೆ ಮುಖ ಹಾಕಿಕೊಂಡವರು, ಎಲ್ಲರೂ ಸುತ್ತ ನಿಂತಿರಲಿ. ನೀನು ಸ್ಟೂಲಿನ ಮೇಲೆ ಕೂತು ಆ ತಟ್ಟೆಯಿಂದ ಏಳು ದೊಡ್ಡ ಎಡಚಿಪ್ಪು ಹೆಕ್ಕಿ ತೋರಿಸು. ಮೂರು ನಾನು ಹೆಕ್ಕಿದ್ದೇನೆ, ಏಳು ಸೇರಿದರೆ ಹತ್ತು. ನಿನ್ನ ಏಳು ಬಲಚಿಪ್ಪಿಗೆ ಜೊತೆಯಾಗಿದ್ದವು ಅಲ್ಲೇ ಇರಬೇಕಲ್ಲ. ಎಷ್ಟು ಹೊತ್ತಾದರೂ ಸರಿ, ನಾನು ಕಾಯುತ್ತೇನೆ, ನನಗೆ ಬೇರೆ ಕೆಲಸವನ್ನು ನೀನು ಉಳಿಸಿಲ್ಲ. ಏಳು ಸಿಕ್ಕರೆ ನಾನೇ ನನ್ನ ಕೈಯಾರೆ ಆರು ಬೀರುಗಳನ್ನೂ ಖಾಲಿ ಮಾಡಿಕೊಟ್ಟು, ನನ್ನ ಕಣ್ಣು ಹೋಗಿದೆ ಎಂದು ಎಲ್ಲರ ಮುಂದೆ ಹೇಳಿ ಮನೆಗೆ ಬರುತ್ತೇನೆ.

ಸಿಗದಿದ್ದರೆ, ಅಲ್ಲೇ ಎದ್ದು ನಿಂತು, ಮರಿ ಬೆರೆಸಿದ್ದು ನಾನು, ದೊಡ್ಡಮ್ಮನ ಕಣ್ಣಲ್ಲ, ನನ್ನ ಕೈ ಎಂದು ಹೇಳು. ಇದೇ ಮಾತನ್ನು ಪತ್ರಿಕೆಗೂ ಬರೆ. ಬೀರುವಿನ ಮೇಲಿನ ಆರು ಚೀಟಿಗಳನ್ನು ನಿನ್ನ ಉಗುರಿನಿಂದ ಕೆರೆದು ತೆಗೆ. ಬೇರೆಯವರಿಗೆ ಹೇಳಿ ತೆಗೆಸಬೇಡ. ಗೋಂದು ಗಟ್ಟಿಯಿದೆ, ನಾನು ಮುಟ್ಟಿ ನೋಡಿದ್ದೇನೆ, ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆಲ್ಲ ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಕ್ಷಮೆ ಕೇಳಬೇಡ. ನನಗೆ ಬೇಡ. ಕಾಲಿಗೆ ಬೀಳಬೇಡ, ಬಗ್ಗಿದರೆ ನಿನ್ನ ಮುಖ ನನಗೆ ಕಾಣುವುದಿಲ್ಲ. ಮುಖ ನೋಡಬೇಕು ನಾನು. ನಿನಗೆ ಅವಮಾನವಾಗಬೇಕು, ನನಗೆ ಆದಷ್ಟೇ ಆಗಬೇಕು, ಅಷ್ಟೇ ಜನರ ಮುಂದೆ ಆಗಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇದರಿಂದ ನಿನ್ನ ಕೆಲಸ ಉಳಿಯುತ್ತದೋ ಹೋಗುತ್ತದೋ ನನಗೆ ಗೊತ್ತಿಲ್ಲ. ನೀನಾಗಿ ಹೇಳಿದರೆ ಉಳಿದರೂ ಉಳಿದೀತು, ಲಕೋಟೆ ಹೇಳಿದರೆ ಉಳಿಯುವುದಿಲ್ಲ, ಅಷ್ಟು ಗೊತ್ತು. ನಿಮ್ಮಮ್ಮನಿಗೂ ಗೊತ್ತು. ಗೊತ್ತಿದ್ದೇ ಅಂಚೆಚೀಟಿ ಹಚ್ಚಿದ್ದಾಳೆ.

ಹೆಂಡತಿಯನ್ನು ಸುಳ್ಳಿಗೆ ಮುಂದೆ ಬಿಡಬೇಡ, ಒಳ್ಳೆಯ ಹುಡುಗಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆರೋಗ್ಯವಾಗಿರು, ಹದಿನೇಳರವರೆಗಂತೂ ಇರು, ರಜೆ ಹಾಕಿದರೆ ಮನೆಗೇ ಬರುತ್ತೇನೆ.

ಬರುತ್ತೀಯೋ ಇಲ್ಲವೋ, ಕಾಗದದ ಮೇಲೆ, ನಿನ್ನ ಕೈಬರಹದಲ್ಲಿ, ಹದಿನಾರನೆಯ ತಾರೀಖು ಸಂಜೆ ಐದು ಗಂಟೆಯೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಐದೂಕಾಲಿಗೆ ಅಂಚೆಯವನು ಡಬ್ಬಿ ತೆರೆಯುತ್ತಾನೆ.

ಇಂತು,
ನಿನ್ನ ದೊಡ್ಡಮ್ಮ